ಮೈಸೂರು ಬಿಟ್ಟುಕೊಡದ ಪಾಲು

ಅಜ್ಜಂಪುರದ ಕಾವಲಿನಲ್ಲಿ ಮೇಯುವ ಅಮೃತಮಹಲ್ ದನಗಳನ್ನು ಒಮ್ಮೆ ಕಂಡವರು ಅವುಗಳ ಕೊಂಬನ್ನು ಮರೆಯುವುದಿಲ್ಲ. ಬುಡದಲ್ಲಿ ಒಂದಕ್ಕೊಂದು ಒತ್ತಿಕೊಂಡು ಹುಟ್ಟಿ, ಹಿಂದಕ್ಕೆ ಚಾಚಿ, ತುದಿಯಲ್ಲಿ ಚೂಪಾಗಿ ಮೇಲೆದ್ದ ನೀಳ ಕೊಂಬು, ಬೂದು ಮೈ, ಹೊಸಬರನ್ನು ಹತ್ತಿರ ಬಿಡದ ಗತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು ಕಟ್ಟಿದ 'ಬೆಣ್ಣೆ ಚಾವಡಿ'ಯ ವಂಶ ಇದು. ಹೈದರಾಲಿ ಆ ಹಿಂಡುಗಳನ್ನು ಸೈನ್ಯದ ಸಾಮಾನು ಎಳೆಯುವ ಇಲಾಖೆಯಾಗಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ವಶವಾಗಿ, ಕಡೂರು, ತರೀಕೆರೆ ಸೀಮೆಯ ಕಾವಲುಗಳಲ್ಲಿ ಬೆಳೆದ ಎತ್ತುಗಳು ಕಂಪನಿಯ ತೋಪುಗಳನ್ನು ಎಳೆದವು. 1860ರಲ್ಲಿ ಖರ್ಚು ಉಳಿಸಲೆಂದು ಮದರಾಸು ಸರ್ಕಾರ ಹಿಂಡನ್ನೆಲ್ಲ ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತು ಸಾಲದೆ ಮತ್ತೆ ಕೂಡಿಹಾಕಬೇಕಾಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ಮೈಸೂರು ಸರ್ಕಾರ ಈ ಇಲಾಖೆಯನ್ನು ದುಡ್ಡು ಕೊಟ್ಟು ವಾಪಸು ಪಡೆಯಿತು. ಒಂದು ಕಾಲಕ್ಕೆ ತನ್ನದೇ ಆಗಿದ್ದ ದನಗಳನ್ನು!

ಮೈಸೂರಿನ ನೆಲದಲ್ಲಿ ಹುಟ್ಟಿದ ಸ್ವತ್ತು ಇನ್ನೊಬ್ಬರ ಯುದ್ಧಕ್ಕೆ ದುಡಿದು, ಎಷ್ಟೋ ವರ್ಷದ ಮೇಲೆ ಮನೆಗೆ ಮರಳಿದ್ದು ಹೀಗೆ. ಅರವತ್ತು ವರ್ಷ ಕಳೆಯುವುದರೊಳಗೆ ಇಂಥದೇ ಇನ್ನೊಂದು ಪ್ರಸಂಗ ಬೆಂಗಳೂರಿನ ಹೊರವಲಯದಲ್ಲಿ ನಡೆಯಿತು. ಈ ಸಲ ಸ್ವತ್ತು ಎತ್ತಲ್ಲ, ವಿಮಾನ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದ ಮನುಷ್ಯ ಅದರ ಒಡೆತನವನ್ನು ಹದಿನೈದೇ ತಿಂಗಳಲ್ಲಿ ಕಳೆದುಕೊಂಡ. ಕಂಪನಿ ಮಾತ್ರ ಉಳಿಯಿತು. ಅದು ಬೆಂಗಳೂರಿನಲ್ಲೇ ಬೇರೂರಿದ್ದರಲ್ಲಿ ಮೈಸೂರು ಸಂಸ್ಥಾನ ಹಿಡಿದ ಒಂದು ಹಟದ ಪಾಲು ದೊಡ್ಡದು ಎಂದು ನನ್ನ ನಂಬಿಕೆ. ಆ ಹಟಕ್ಕೆ ನಮ್ಮ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಸಂದಿಲ್ಲ.

ಆ ಕಂಪನಿಯನ್ನು ಕಟ್ಟಿದವರು ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್, 1882ರಲ್ಲಿ ಹುಟ್ಟಿದವರು. ಮನೆತನದ ಲೇವಾದೇವಿ, ಹತ್ತಿ ವ್ಯಾಪಾರ ಬಿಟ್ಟು ರೈಲ್ವೆ ಗುತ್ತಿಗೆಗೆ ಇಳಿದರು. ಬೋರ್ ಘಾಟಿನ ಸುರಂಗಗಳನ್ನು ಕೊರೆಸಿದರು. 1919ರಲ್ಲಿ ಗೆಳೆಯರೊಡನೆ ಸೇರಿ ಸಿಂಧಿಯಾ ಹಡಗು ಕಂಪನಿ ಸ್ಥಾಪಿಸಿದರು. ಅದರ 'ಲಾಯಲ್ಟಿ' ಹಡಗು ಆ ವರ್ಷ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಭಾರತೀಯರ ಹಡಗನ್ನು ಮುಳುಗಿಸಲು ಬ್ರಿಟಿಷ್ ಹಡಗು ಕಂಪನಿಗಳಿಗೆ ಗುಂಡು ಬೇಕಿರಲಿಲ್ಲ, ಬಾಡಿಗೆ ದರ ಇಳಿಸಿದರೆ ಸಾಕಿತ್ತು. ಆ ದರಸಮರವನ್ನು ವರ್ಷಗಟ್ಟಲೆ ತಾಳಿಕೊಂಡ ಕೆಲವೇ ಸ್ವದೇಶಿ ಕಂಪನಿಗಳಲ್ಲಿ ಸಿಂಧಿಯಾ ಒಂದು. ಹಡಗು, ಕಾರು, ವಿಮಾನ, ಈ ಮೂರನ್ನೂ ಭಾರತದಲ್ಲೇ ಕಟ್ಟಬೇಕೆಂಬುದು ವಾಲ್‌ಚಂದರ ಪಣ. ಮೂರಕ್ಕೂ ಸರ್ಕಾರದ ಒಪ್ಪಿಗೆ ಬೇಕು, ಮೂರರಲ್ಲೂ ಇಂಗ್ಲೆಂಡಿನ ಕಾರ್ಖಾನೆಗಳ ಹಿತ ಅಡ್ಡ ನಿಂತಿತ್ತು.

1939ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ಅಕ್ಟೋಬರಿನಲ್ಲಿ ವಾಲ್‌ಚಂದ್ ಅಮೆರಿಕದಿಂದ ಹಾಂಗ್‌ಕಾಂಗ್ ಕಡೆಗೆ ಕ್ಲಿಪರ್ ವಿಮಾನದಲ್ಲಿ ಬರುತ್ತಿದ್ದರು. ಪೆಸಿಫಿಕ್ ಸಾಗರವನ್ನು ದ್ವೀಪದಿಂದ ದ್ವೀಪಕ್ಕೆ ಇಳಿದು ಹತ್ತಿ ದಾಟುವ ಆ ಪಯಣಕ್ಕೆ ದಿನಗಳೇ ಹಿಡಿಯುತ್ತಿದ್ದವು, ಸಹಪ್ರಯಾಣಿಕರೊಡನೆ ಮಾತಿಗೆ ಬರವಿರಲಿಲ್ಲ. ಜತೆಯಲ್ಲಿದ್ದವನು ವಿಲಿಯಂ ಪಾವ್ಲಿ ಎಂಬ ಅಮೆರಿಕನ್. ಕರ್ಟಿಸ್ ಮುಂತಾದ ವಿಮಾನಗಳನ್ನು ಚೀನಾಕ್ಕೆ ಮಾರುತ್ತಿದ್ದವನು, ಅಲ್ಲಿಯೇ ವಿಮಾನ ಜೋಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಜಪಾನೀಯರು ಮುಂದೊತ್ತಿದಂತೆಲ್ಲ ಆ ಕಾರ್ಖಾನೆ ಒಳನಾಡಿಗೆ ಸರಿಯುತ್ತ ಹೋಗಿ, ಕೊನೆಗೆ ಬರ್ಮಾ ಗಡಿಗೆ ಹತ್ತಿಕೊಂಡ ಲೋಯ್‌ವಿಂಗ್‌ನಲ್ಲಿ ನಿಂತಿತ್ತು. ಯುದ್ಧದ ನಡುವೆ, ಸಮುದ್ರದಿಂದ ದೂರದಲ್ಲಿ, ಊರಿನ ಜನರನ್ನೇ ಪಳಗಿಸಿ ವಿಮಾನ ಜೋಡಿಸಬಹುದು ಎಂಬುದಕ್ಕೆ ಅವನೇ ಸಾಕ್ಷಿ. ವಾಲ್‌ಚಂದರಿಗೆ ಬೇಕಾಗಿದ್ದ ಆಸಾಮಿ ಆಕಾಶದಲ್ಲೇ ಸಿಕ್ಕಿದ್ದ.

ಕಾರ್ಖಾನೆಯ ಯೋಜನೆ ಭಾರತ ಸರ್ಕಾರಕ್ಕೆ ಹೋಯಿತು. ಉತ್ತರ ತಣ್ಣಗಿತ್ತು. ಭಾರತದಲ್ಲಿ ವಿಮಾನ ಕಟ್ಟುವುದು ಯುದ್ಧದ ಅಗತ್ಯಕ್ಕೆ ಒದಗದು, ಬೇಕಾದ ಯಂತ್ರಗಳನ್ನು ಅಮೆರಿಕದಿಂದ ತರಿಸಲು ಡಾಲರ್ ಇಲ್ಲ ಎಂಬುದು ಅಧಿಕಾರಿಗಳ ವಾದ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತು ಶರಣಾಯಿತು. ಬ್ರಿಟನ್ ಒಂಟಿಯಾಯಿತು, ಅದರ ಕಾರ್ಖಾನೆಗಳ ಮೇಲೆ ಬಾಂಬು ಬೀಳುವ ಕಾಲ ಹತ್ತಿರವಾಯಿತು. ಪೂರ್ವದಲ್ಲಿ ಬೇಕಾದ ವಿಮಾನವನ್ನು ಲಂಡನ್ ಕಳಿಸೀತೆಂಬ ಭರವಸೆ ಯಾರಲ್ಲೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಕೂತಿದ್ದ ಕಡತ ಆ ಬೇಸಿಗೆ ಮುಗಿಯುವುದರೊಳಗೆ ಎದ್ದಿತು. ಪ್ಯಾರಿಸ್ ಬೀಳದಿದ್ದರೆ ಬೆಂಗಳೂರಿಗೆ ವಿಮಾನ ಕಾರ್ಖಾನೆ ಆ ವರ್ಷ ಬರುತ್ತಿರಲಿಲ್ಲ.

ಜಾಗ ಎಲ್ಲಿ? ಬ್ರಿಟಿಷ್ ಭಾರತದಲ್ಲಿ ನೆಲ ಹುಡುಕಿ, ಇಲಾಖೆಗಳ ಬಾಗಿಲು ತಟ್ಟುತ್ತ ಕೂರುವುದಕ್ಕಿಂತ ದೇಶೀ ಸಂಸ್ಥಾನವೇ ಮೇಲೆಂದು ವಾಲ್‌ಚಂದ್ ಹಲವು ಅರಸರನ್ನು ವಿಚಾರಿಸಿದರು. ಮೈಸೂರಿನಲ್ಲಿ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ ಆ ಹುದ್ದೆಯಲ್ಲಿದ್ದ ಅವರು ಸಂಸ್ಥಾನದಲ್ಲಿ ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ವಿದ್ಯುತ್ ದೀಪ ಹೀಗೆ ಒಂದಾದ ಮೇಲೊಂದು ಕಾರ್ಖಾನೆ ಬರಲು ಕಾರಣರಾಗಿದ್ದರು. ತರೀಕೆರೆ ಸೀಮೆಯವರಿಗೆ ಆ ಕಾಲದ ಮೈಸೂರು ಹೇಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು ಭದ್ರಾವತಿಗೆ ಹೋಗಿ ಕಬ್ಬಿಣವಾಗಲು ಶುರುವಾಗಿ ಆಗಲೇ ಹದಿನೇಳು ವರ್ಷವಾಗಿತ್ತು. ಆ ಕುಲುಮೆ 1923ರಲ್ಲಿ ಹೊತ್ತಿದಾಗ ಲಾಭವಿಲ್ಲವೆಂದು ಆಡಿಕೊಂಡವರು ಬಹಳ. ನಷ್ಟವನ್ನೂ ತಡೆದುಕೊಂಡು ಕಾರ್ಖಾನೆಯನ್ನು ಕೈಬಿಡದ ಸರ್ಕಾರವೇ ಈಗ ವಾಲ್‌ಚಂದರೊಡನೆ ಕೂತು ಮಾತಾಡಿದ್ದು.

ಬೆಂಗಳೂರಿನ ಪೂರ್ವಕ್ಕೆ ದೊಮ್ಮಲೂರು ದಾಟಿ 700 ಎಕರೆ ನೆಲವನ್ನು ಮೈಸೂರು ಸರ್ಕಾರ ಬಿಟ್ಟಿಯಾಗಿ ಕೊಡಲೊಪ್ಪಿತು. ಅಗ್ಗದ ವಿದ್ಯುತ್ತು, ನೀರು ಅದರ ಜತೆಗೆ. ಎಲ್ಲಕ್ಕಿಂತ ಮುಖ್ಯವಾಗಿ, 25 ಲಕ್ಷ ರೂಪಾಯಿ ಬಂಡವಾಳ ಹಾಕಿ ತಾನೂ ಪಾಲುದಾರನಾಗುವುದಾಗಿ ಹೇಳಿತು. ಶಿವನಸಮುದ್ರದ ವಿದ್ಯುತ್ತು 1905ರಿಂದಲೇ ಬೆಂಗಳೂರಿನ ಬೀದಿ ಬೆಳಗುತ್ತಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಊರಲ್ಲೇ ಇತ್ತು. ಸಮುದ್ರ ದೂರ, ಹವೆ ಹಿತ. ಆದರೆ ಹವೆ, ವಿದ್ಯುತ್ತು ಬೇರೆ ಊರಿಗೂ ಸಿಕ್ಕೀತು. ಬೇಗನೆ ತೀರ್ಮಾನ ಮಾಡಿ ಸ್ವಂತ ದುಡ್ಡು ಇಳಿಸುವ ಸರ್ಕಾರ ಅಂದು ಅಪರೂಪ.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದು ವರ್ಷದ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಅರಮನೆಯಲ್ಲಿ ಸೂತಕ, ಆಡಳಿತದಲ್ಲಿ ಹೊಸ ಗಾಳಿ. ಆದರೂ ವಿಮಾನದ ಕೆಲಸ ನಿಲ್ಲಲಿಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ದೊಮ್ಮಲೂರು ರಸ್ತೆಯ 'ಈವನ್‌ಟೈಡ್' ಎಂಬ ಬಂಗಲೆಯಲ್ಲಿ ಕಚೇರಿ ತೆರೆಯಿತು, ವಾಲ್‌ಚಂದ್ ಅಧ್ಯಕ್ಷರಾದರು. ಯಂತ್ರ ತರಿಸಿ ಕಾರ್ಖಾನೆ ಸಜ್ಜುಗೊಳಿಸುವ ಹೊಣೆ ಪಾವ್ಲಿಯದು. ಅಷ್ಟರಲ್ಲಿ, ಅಕ್ಟೋಬರಿನಲ್ಲಿ, ಅವನ ಲೋಯ್‌ವಿಂಗ್ ಕಾರ್ಖಾನೆಯ ಮೇಲೆ ಜಪಾನೀ ವಿಮಾನಗಳು ಬಾಂಬು ಹಾಕಿದ್ದವು. ಬೆಂಗಳೂರು ಅವನಿಗೂ ಈಗ ಬರಿಯ ವ್ಯಾಪಾರವಾಗಿ ಉಳಿದಿರಲಿಲ್ಲ.

ಭಾರತ ಸರ್ಕಾರ ದೂರ ನಿಂತು ನೋಡಲಿಲ್ಲ. 1941ರ ವಸಂತದ ಹೊತ್ತಿಗೆ ತಾನೂ 25 ಲಕ್ಷ ಹಾಕಿ ಮೂರನೆಯ ಒಂದು ಪಾಲು ಪಡೆಯಿತು. ಹೀಗೆ ಕಂಪನಿಗೆ ಮೂವರು ಒಡೆಯರಾದರು: ವಾಲ್‌ಚಂದ್ ಬಳಗ, ಮೈಸೂರು, ದೆಹಲಿ. ಏರ್ ಮಾರ್ಷಲ್ ಸರ್ ಜಾನ್ ಹಿಗ್ಗಿನ್ಸ್ ಬೆಂಗಳೂರಿನಲ್ಲೇ ಇದ್ದು ನೋಡಿಕೊಳ್ಳುವ ನಿರ್ದೇಶಕರಾದರು. ಬಂಡವಾಳ ಮೂರರಲ್ಲಿ ಒಂದು ಪಾಲಾದರೂ ಗಿರಾಕಿ ಪೂರ್ತಿ ಸರ್ಕಾರವೇ. ವಿಮಾನ ಕೊಳ್ಳುವವನು, ಪರವಾನಗಿ ಕೊಡುವವನು, ಅಮೆರಿಕದಿಂದ ಸಾಮಾನು ತರಿಸಿಕೊಡುವವನು, ಮೂವರೂ ಒಬ್ಬನೇ ಆದಾಗ ಅಧ್ಯಕ್ಷನ ಕುರ್ಚಿಗೆ ಬೆಲೆ ಎಷ್ಟು ಉಳಿದೀತು!

ಕೆಲಸ ಮಾತ್ರ ಬೆರಗಾಗುವಷ್ಟು ವೇಗವಾಗಿ ನಡೆಯಿತು. ನೋಂದಣಿಯಾದ ಎಂಟೇ ತಿಂಗಳಿಗೆ, 1941ರ ಆಗಸ್ಟಿನಲ್ಲಿ, ಮೊದಲ ವಿಮಾನ ಹೊರಬಂದು ಹಾರಿತು. ಅದು ಹಾರ್ಲೋ ಪಿಸಿ-5, ಗುರು ಶಿಷ್ಯರು ಒಬ್ಬರ ಹಿಂದೊಬ್ಬರು ಕೂರುವ ಪುಟ್ಟ ತರಬೇತಿ ವಿಮಾನ. ಇದರ ಹಿನ್ನೆಲೆ ಸೊಗಸಾದದ್ದು. ಕ್ಯಾಲಿಫೋರ್ನಿಯಾದ ಪಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಮೇಷ್ಟ್ರು ತನ್ನ ವಿದ್ಯಾರ್ಥಿಗಳ ಕೈಯಿಂದ ತರಗತಿಯ ಕೆಲಸವಾಗಿ ಕಟ್ಟಿಸಿದ ವಿಮಾನವೇ ಇದರ ಮೂಲ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಹಳೆಯ ಬಗೆಯದಲ್ಲ, ಇಡೀ ಮೈ ಲೋಹದ್ದು. ತೆಳು ತಗಡನ್ನು ಬಾಗಿಸಿ, ಸಾಲು ತೂತು ಕೊರೆದು, ಹೊರಗಿನಿಂದ ಒಬ್ಬ ರಿವೆಟ್ ಹೊಡೆದರೆ ಒಳಗೆ ಕೈತೂರಿಸಿ ಇನ್ನೊಬ್ಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು, ತಾಳ ತಪ್ಪಿದರೆ ತಗಡು ನೆಗ್ಗುತ್ತದೆ. ವಿದ್ಯಾರ್ಥಿಗಳು ಕಲಿತು ಕಟ್ಟಿದ ವಿಮಾನದ ಕುಡಿಯ ಮೇಲೆಯೇ ಬೆಂಗಳೂರಿನ ಕೆಲಸಗಾರರೂ ಕೈ ಪಳಗಿಸಿಕೊಂಡರು.

ಹಾರ್ಲೋದ ಭಾಗಗಳು ಅಮೆರಿಕದಲ್ಲಿ ತಯಾರಾಗಿ ಬಂದಿದ್ದವು, ಇಲ್ಲಿ ನಡೆದದ್ದು ಜೋಡಣೆ ಎಂಬುದು ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಭದ್ರಾವತಿಯಲ್ಲಿ ಕಬ್ಬಿಣವಿತ್ತು, ಆದರೆ ವಿಮಾನಕ್ಕೆ ಬೇಕಾದದ್ದು ಅಲ್ಯೂಮಿನಿಯಂ. ಅದನ್ನು ಅದಿರಿನಿಂದ ತೆಗೆಯುವ ಕುಲುಮೆ ಕೇರಳದ ಅಲುಪುರದಲ್ಲಿ ಶುರುವಾದದ್ದು 1943ರಲ್ಲಿ. ಎಂಜಿನ್ ಅಂತೂ ಕನಸಿನ ಮಾತು. ಆದರೂ ಅದೇ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಎಂಬ ಯುವ ವಿಜ್ಞಾನಿಯ ಮುಂದಾಳತ್ವದಲ್ಲಿ ಹತ್ತು ಜನ ಕೂರುವ ಗ್ಲೈಡರ್ ಒಂದು ಇಲ್ಲಿಯೇ ರೂಪುಗೊಂಡಿತು. ಎಂಜಿನ್ ಇಲ್ಲದ ವಿಮಾನ, ಹೆಸರು ಜಿ-1. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್‌ರ ಬಳಿ ಕಲಿತು ಬಂದಿದ್ದ ಘಾಟಗೆಯವರು ಮುಂದೆ 1942ರ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟಿದವರು. ಜಿ-1 ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗಾದರೂ ಅರ್ಹ.

ಈ ನಡುವೆ ಮಿರ್ಜಾ ಹುದ್ದೆ ಬಿಟ್ಟರು. ಹೊಸ ಮಹಾರಾಜರೊಡನೆ ಹೊಂದಾಣಿಕೆಯಾಗದೆ 1941ರ ನಡುವಿನಲ್ಲಿ ಅವರು ರಾಜೀನಾಮೆ ಕೊಟ್ಟು ಹೋದಾಗ ಎನ್. ಮಾಧವರಾವ್ ದಿವಾನರಾದರು. ವಾಲ್‌ಚಂದರಿಗೆ ಮೈಸೂರಿನಲ್ಲಿದ್ದ ದೊಡ್ಡ ಆಸರೆ ತಪ್ಪಿತು. ಅದೇ ವರ್ಷ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಅವರ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದ್ದರು. ಹಡಗು, ವಿಮಾನ ಎರಡೂ ಒಟ್ಟಿಗೇ ಏಳುತ್ತಿವೆ ಎಂದು ಅನ್ನಿಸಿದ್ದ ಕಾಲ ಅದು.

ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ಎರಗಿತು. ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು. ಮಾರ್ಚ್ 8ಕ್ಕೆ ರಂಗೂನ್ ಕೈಬಿಟ್ಟಿತು. ಬರ್ಮಾದಿಂದ ಕಾಲ್ನಡಿಗೆಯಲ್ಲಿ ಬಂದ ನಿರಾಶ್ರಿತರು ಅಸ್ಸಾಂ, ಬಂಗಾಳದ ಗಡಿ ತುಂಬಿದರು. 1942ರ ಏಪ್ರಿಲ್ 2ರಂದು ಸರ್ಕಾರದ ಪ್ರಕಟಣೆ ಹೊರಬಿತ್ತು: ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಾಲ್‌ಚಂದ್ ಮತ್ತು ಅವರ ಜತೆಗಾರರ ಪಾಲನ್ನು ತಾನು ಕೊಂಡಿರುವುದಾಗಿ, ಕಾರ್ಖಾನೆಯ ಆಡಳಿತ ಇನ್ನು ಮುಂದೆ ತನ್ನದೆಂದು. ಮೂರು ದಿನಕ್ಕೆ ಕೊಲಂಬೊ ಮೇಲೆ, ನಾಲ್ಕನೆಯ ದಿನಕ್ಕೆ ವಿಶಾಖಪಟ್ಟಣದ ಮೇಲೆ ಜಪಾನೀ ಬಾಂಬುಗಳು ಬಿದ್ದವು. ವಾಲ್‌ಚಂದರಿಗೆ ವಿಮಾನ ಹೋದ ವಾರದಲ್ಲೇ ಹಡಗುಕಟ್ಟೆಯ ಊರೂ ನಡುಗಿತು.

ಸರ್ಕಾರ ಹೀಗೇಕೆ ಮಾಡಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಎರಡು ಮಾತಿವೆ. ವಾಲ್‌ಚಂದರ ಜೀವನಚರಿತ್ರೆ ಬರೆದ ಜಿ. ಡಿ. ಖಾನೋಲ್ಕರರಂಥವರು ಇದರಲ್ಲಿ ಸಾಮ್ರಾಜ್ಯದ ಹಳೆಯ ಸಂಶಯವನ್ನೇ ಕಾಣುತ್ತಾರೆ: ಆಯಕಟ್ಟಿನ ಉದ್ಯಮ ಭಾರತೀಯ ಬಂಡವಾಳಗಾರನ ಕೈಯಲ್ಲಿ ಬೇರೂರಿದರೆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಿಮಾನಗಳಿಗೆ ಮಾರುಕಟ್ಟೆ ಉಳಿಯದು. ಇನ್ನೊಂದು ವಾದ ಯುದ್ಧದ ಲೆಕ್ಕಾಚಾರವನ್ನು ಮುಂದಿಡುತ್ತದೆ. ಅಮೆರಿಕ ತನ್ನ ಯುದ್ಧಮಿತ್ರರಿಗೆ ಒದಗಿಸುತ್ತಿದ್ದ ಲೆಂಡ್-ಲೀಸ್ ಸಾಮಗ್ರಿ ಸರ್ಕಾರದಿಂದ ಸರ್ಕಾರಕ್ಕೆ ಹೋಗುವಂಥದು. ರಂಗೂನ್ ಬಿದ್ದ ಮೇಲೆ ಸೈನ್ಯಕ್ಕೆ ತುರ್ತಾಗಿ ಬೇಕಾದದ್ದು ಹೊಸ ವಿಮಾನಕ್ಕಿಂತ ಕೆಟ್ಟ ವಿಮಾನ ರಿಪೇರಿ ಮಾಡುವ ಜಾಗ. ಖಾಸಗಿ ಪಾಲುದಾರನಿಗೆ ರಿಪೇರಿಯಲ್ಲಿ ಯಾವ ಲಾಭ? ನನಗೆ ಎರಡರಲ್ಲೂ ಹುರುಳು ಕಾಣುತ್ತದೆ. ಆ ಏಪ್ರಿಲ್ಲಿನಲ್ಲಿ ಯಾವ ಸರ್ಕಾರವಾದರೂ ಕಾರ್ಖಾನೆಯನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತಿತ್ತು. ಆದರೆ ಹಿಡಿತಕ್ಕೆ ತೆಗೆದುಕೊಳ್ಳುವುದು ಬೇರೆ, ಪಾಲನ್ನೇ ಬಿಡಿಸಿಕೊಳ್ಳುವುದು ಬೇರೆ. ಯುದ್ಧ ಮುಗಿಯುವವರೆಗೆ ಆಡಳಿತ ವಹಿಸಿಕೊಂಡು ಒಡೆತನವನ್ನು ಹಾಗೇ ಬಿಡಬಹುದಿತ್ತು. ಹಾಗೆ ಮಾಡಬಹುದಿತ್ತು ಎಂಬುದಕ್ಕೆ ಮೈಸೂರೇ ಪುರಾವೆ.

ಏಕೆಂದರೆ ಮೈಸೂರು ತನ್ನ ಪಾಲು ಮಾರಲು ಒಪ್ಪಲಿಲ್ಲ. ಯುದ್ಧಕಾಲದ ಆಡಳಿತವನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟಿತು, ಶೇರುಗಳನ್ನು ಕೊಡಲಿಲ್ಲ. ರೆಸಿಡೆಂಟರ ಕಣ್ಣಳತೆಯಲ್ಲಿ ನಡೆಯುವ ಸಂಸ್ಥಾನವೊಂದು, ವೈಸರಾಯರ ಸರ್ಕಾರ ಕೇಳಿದ್ದನ್ನು ಯುದ್ಧದ ಗಂಡಾಂತರದ ವಾರದಲ್ಲಿ ಇಲ್ಲವೆನ್ನುವುದು ಸಣ್ಣ ಮಾತಲ್ಲ. ಅಮೃತಮಹಲ್ ಹಿಂಡುಗಳು ಕೈತಪ್ಪಿ, ಮಾರಾಟವಾಗಿ, ಮತ್ತೆ ಬೆಲೆ ತೆತ್ತು ಪಡೆದ ನೆನಪು ಆಡಳಿತದಲ್ಲಿ ಯಾರಿಗಾದರೂ ಬಂದಿತ್ತೋ ಏನೋ; ನಡೆ ಮಾತ್ರ ಅದಕ್ಕೆ ತದ್ವಿರುದ್ಧವಾಗಿತ್ತು.

ಕಟ್ಟಿದವನು ಬಿದ್ದು ಕಾರ್ಖಾನೆ ಉಳಿಯುವುದು ವಿಮಾನದ ಚರಿತ್ರೆಯಲ್ಲಿ ಹೊಸದೇನಲ್ಲ. ಫ್ರಾನ್ಸಿನಲ್ಲಿ ರೇಷ್ಮೆ ದಲ್ಲಾಳಿಯಾಗಿದ್ದ ಅರ್ಮಾಂ ಡೆಪರ್ಡ್ಯೂಸಾಂ 1910ರ ಸುಮಾರಿಗೆ ವಿಮಾನ ಕಂಪನಿ ತೆರೆದ. ಅವನ ಎಂಜಿನಿಯರ್ ಲೂಯಿ ಬೆಶ್ರೋ ತೆಳು ಮರದ ಪದರಗಳನ್ನು ಅಂಟಿಸಿ ಟೊಳ್ಳು ಚಿಪ್ಪಿನಂಥ ವಿಮಾನದ ಮೈ ಮಾಡಿದ. ಒಳಗೆ ಚೌಕಟ್ಟಿನ ಭಾರವಿಲ್ಲ, ಹೊರಗೆ ಗಾಳಿಗೆ ತಡೆಯಿಲ್ಲ. 1912ರಲ್ಲಿ ಷಿಕಾಗೋದ ಗಾರ್ಡನ್ ಬೆನೆಟ್ ಸ್ಪರ್ಧೆಯನ್ನೂ 1913ರ ಏಪ್ರಿಲ್ಲಿನಲ್ಲಿ ಮೊನಾಕೊದ ಮೊದಲ ಷ್ನೈಡರ್ ಸ್ಪರ್ಧೆಯನ್ನೂ ಆ ವಿಮಾನಗಳೇ ಗೆದ್ದವು. ಅದೇ ಆಗಸ್ಟಿನಲ್ಲಿ ಬ್ಯಾಂಕಿನ ದುಡ್ಡು ನುಂಗಿದ ಆರೋಪದ ಮೇಲೆ ಡೆಪರ್ಡ್ಯೂಸಾಂ ಬಂಧನವಾಯಿತು. ಮಾಲೀಕ ಸೆರೆಮನೆಯಲ್ಲಿದ್ದಾಗಲೇ, ಸೆಪ್ಟೆಂಬರ್ 29ರಂದು, ರೀಮ್ಸ್‌ನಲ್ಲಿ ಮಾರೀಸ್ ಪ್ರೆವೋ ಅವನ ವಿಮಾನವನ್ನು ಗಂಟೆಗೆ 203 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರಿಸಿ ವಿಶ್ವದಾಖಲೆ ಮಾಡಿದ. ದಿವಾಳಿಯಾದ ಕಂಪನಿಯನ್ನು ಲೂಯಿ ಬ್ಲೇರಿಯೋ ಮುಂತಾದವರು ಕೊಂಡು ಸ್ಪ್ಯಾಡ್ ಎಂಬ ಹೆಸರಲ್ಲಿ ನಡೆಸಿದರು. ಮೊದಲ ಮಹಾಯುದ್ಧದ ಹೆಸರಾಂತ ಫೈಟರುಗಳನ್ನು ಬೆಶ್ರೋ ಅಲ್ಲೇ ರೂಪಿಸಿದ. ಡೆಪರ್ಡ್ಯೂಸಾಂ 1924ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನು ಬಿದ್ದದ್ದು ತನ್ನ ಮೋಸದಿಂದ. ವಾಲ್‌ಚಂದರ ಮೇಲೆ ಅಂಥ ಕಳಂಕ ಯಾವುದೂ ಇರಲಿಲ್ಲ. ಅವರು ಬಿದ್ದದ್ದು ಗಿರಾಕಿಯೇ ಪಾಲುದಾರನೂ ದೊರೆಯೂ ಆಗಿದ್ದರಿಂದ.

1942ರ ಜುಲೈ 31ರಂದು ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಕರ್ಟಿಸ್ ಹಾಕ್ ಫೈಟರ್ ಹಾರಿತು. ಆ ಸಂಭ್ರಮಕ್ಕೆ ಮುಂದುವರಿಕೆ ಇರಲಿಲ್ಲ. ಬೆರಳೆಣಿಕೆಯಷ್ಟು ಹಾಕ್‌ಗಳಾದ ಮೇಲೆ ತಯಾರಿಕೆ ನಿಂತಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಭಾರತ, ಬರ್ಮಾ ರಂಗದಲ್ಲಿ ಹಾರುತ್ತಿದ್ದ ಬಗೆಬಗೆಯ ವಿಮಾನಗಳು ಇಲ್ಲಿ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿಕೊಂಡು ಹೋದವು. ಮೊದಲು ಬಂದದ್ದು ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ದೊಡ್ಡ ವಿಮಾನ. ಆ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಮೂವತ್ತು ಮೀಟರಿಗೂ ಹೆಚ್ಚು ರೆಕ್ಕೆಯಗಲದ, ಎರಡು ಎಂಜಿನ್ನಿನ ವಿಮಾನ ನಮ್ಮ ಅಯ್ಯನಕೆರೆಯ ನೀರಿಗೆ ಬಂದಿಳಿದರೆ ಹೇಗಿದ್ದೀತೆಂದು ಸಖರಾಯಪಟ್ಟಣದವರು ಊಹಿಸಿಕೊಳ್ಳಬಹುದು. ಅಂದು ಆ ಕೆರೆ ಅಷ್ಟು ವಿಸ್ತಾರವಾಗಿ, ಅಷ್ಟು ತಿಳಿಯಾಗಿ ಇತ್ತೆಂಬುದು ಇಂದಿನ ಬೆಂಗಳೂರು ಕೇಳಿ ಸಂಕಟಪಡಬೇಕಾದ ಸುದ್ದಿ.

ರಿಪೇರಿ ಎಂದು ಹಗುರ ಮಾಡುವಂತಿಲ್ಲ. ವಿಮಾನ ಕಟ್ಟುವವನಿಗೆ ಒಂದು ಮಾದರಿ ಗೊತ್ತಿದ್ದರೆ ಸಾಕು, ರಿಪೇರಿಯವನಿಗೆ ಬಂದದ್ದೆಲ್ಲ ಗೊತ್ತಿರಬೇಕು. ಗುಂಡು ತಾಗಿದ ರೆಕ್ಕೆ, ನೆಲಕ್ಕುಜ್ಜಿದ ಹೊಟ್ಟೆ, ಮರಳು ತಿಂದ ಎಂಜಿನ್, ಇವುಗಳ ನಡುವೆ ಸಾವಿರಾರು ಕನ್ನಡಿಗರು, ತಮಿಳರು, ತೆಲುಗರು ಎರಡು ವರ್ಷದಲ್ಲಿ ಕಲಿತದ್ದನ್ನು ಯಾವ ಕಾಲೇಜೂ ಕಲಿಸಲಾರದಾಗಿತ್ತು. ಯುದ್ಧ ಮುಗಿದು ಅಮೆರಿಕನ್ನರು ಹೊರಟಾಗ ಅವರು ಬಿಟ್ಟುಹೋದದ್ದು ಪೂರ್ವ ದೇಶಗಳಲ್ಲೇ ಅತಿ ದೊಡ್ಡ ವಿಮಾನ ರಿಪೇರಿ ಕೇಂದ್ರಗಳಲ್ಲೊಂದನ್ನು.

ಆ ಕಲಿಕೆಯ ಬೆಲೆ 1948ರಲ್ಲಿ ಗೊತ್ತಾಯಿತು. ಬ್ರಿಟಿಷ್ ವಾಯುಸೇನೆ ಕಾನ್ಪುರದಲ್ಲಿ ಸಾಲುಗಟ್ಟಲೆ ಲಿಬರೇಟರ್ ಬಾಂಬರುಗಳನ್ನು ಬಿಟ್ಟುಹೋಗಿತ್ತು. ಮತ್ತೆ ಯಾರೂ ಹಾರಿಸದಂತೆ ಅವುಗಳನ್ನು ಬೇಕೆಂದೇ ಕೆಡಿಸಿದ್ದರು. ಸ್ವತಂತ್ರ ಭಾರತಕ್ಕೆ ಆಗ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಕೆಲಸಗಾರರು ಕಾನ್ಪುರಕ್ಕೆ ಹೋಗಿ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರಬಲ್ಲ ಮಟ್ಟಿಗೆ ಒಂದೊಂದನ್ನೇ ನಿಲ್ಲಿಸಿದರು. ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಶಿ ಅವುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ನಾಲ್ಕು ಎಂಜಿನ್ನಿನ ಯುದ್ಧವಿಮಾನ, ಪೂರ್ತಿ ಪರೀಕ್ಷೆಯಾಗದ ಯಂತ್ರ, ಅರ್ಧ ದೇಶ ದಾಟುವ ದಾರಿ! ಬೆಂಗಳೂರಿನಲ್ಲಿ ಅವು ಹೊಸದರಂತಾಗಿ ಆ ವರ್ಷದ ಕೊನೆಯ ಹೊತ್ತಿಗೆ ವಾಯುಪಡೆ ಸೇರತೊಡಗಿದವು. ಹೀಗೆ ಎದ್ದ ಲಿಬರೇಟರುಗಳು 40ಕ್ಕೂ ಹೆಚ್ಚು, ಅವುಗಳಲ್ಲಿ ಕಡೆಯವು 1968ರವರೆಗೆ ಸೇವೆಯಲ್ಲಿದ್ದವು. ಹಾಳು ಮಾಡಿ ಬಿಟ್ಟುಹೋದವರೇ ನಂಬಲಾರದಂಥ ಕೆಲಸ ಅದು. ನಮ್ಮವರ ಕೈಕಸುಬಿನ ಇದಕ್ಕಿಂತ ಹೆಮ್ಮೆಯ ಅಧ್ಯಾಯ ನನಗೆ ತಿಳಿದಂತೆ ಆ ದಶಕದಲ್ಲಿ ಇನ್ನೊಂದಿಲ್ಲ.

1951ರ ಜನವರಿಯಲ್ಲಿ ಕಂಪನಿ ರಕ್ಷಣಾ ಸಚಿವಾಲಯದ ಅಡಿಗೆ ಬಂತು. ಆ ಆಗಸ್ಟಿನಲ್ಲಿ ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಮೊದಲ ಸಲ ಹಾರಿತು, ಹಾರಿಸಿದವರು ಮುನ್ಶಿ. ಹಾರ್ಲೋ ಜೋಡಿಸಿದ ಹತ್ತು ವರ್ಷಕ್ಕೆ ಸ್ವಂತ ವಿನ್ಯಾಸ. ಯುದ್ಧದ ರಿಪೇರಿಯಲ್ಲಿ ಕಳೆದುಹೋದ ವರ್ಷಗಳಲ್ಲಿ ಏನೇನು ಆಗಬಹುದಿತ್ತೆಂದು ವಾಲ್‌ಚಂದರ ಅಭಿಮಾನಿಗಳು ಕೇಳುವುದು ಸಹಜ. ಆ ರಿಪೇರಿ ಇಲ್ಲದಿದ್ದರೆ ಎಚ್‌ಟಿ-2 ಕಟ್ಟುವ ಕೈಗಳು ಎಲ್ಲಿರುತ್ತಿದ್ದವು ಎಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಮುಂದೆ ಘಾನಾ ದೇಶವೂ ಈ ವಿಮಾನ ಕೊಂಡಿತು. ವಾಲ್‌ಚಂದ್ 1953ರ ಏಪ್ರಿಲ್ 8ರಂದು ತೀರಿಕೊಂಡರು. ಅವರ ಹಡಗುಕಟ್ಟೆಯೂ ಆ ಹೊತ್ತಿಗೆ ಬಹುಪಾಲು ಸರ್ಕಾರದ್ದಾಗಿತ್ತು. ಅವರ ಮೂರು ಕನಸುಗಳಲ್ಲಿ ಅವರ ಬಳಗದ ಕೈಯಲ್ಲೇ ಉಳಿದದ್ದು ಮುಂಬಯಿಯ ಪ್ರೀಮಿಯರ್ ಕಾರು ಕಾರ್ಖಾನೆ. ಅದನ್ನೂ ಮೊದಲು ಮೈಸೂರಿನಲ್ಲಿ ಕಟ್ಟಿಸಲು ಸರ್ ಎಂ. ವಿಶ್ವೇಶ್ವರಯ್ಯನವರು ಬಹಳ ಹೆಣಗಿದ್ದರು. 1964ರ ಅಕ್ಟೋಬರ್ 1ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಇನ್ನೊಂದು ಸರ್ಕಾರಿ ಕಂಪನಿಯೊಡನೆ ಬೆರೆತು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ನಾವೆಲ್ಲ ಎಚ್‌ಎಎಲ್ ಎನ್ನುವುದು ಇದನ್ನೇ.

ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ತಗಡು, ರಿವೆಟ್ ಕಲಿತ ಕೈಗಳನ್ನು ಸುಮ್ಮನೆ ಕೂರಿಸಬಾರದೆಂದು ಆ ಕಾರ್ಖಾನೆಯಲ್ಲಿ ಬಸ್ಸಿನ ಬಾಡಿ, ರೈಲು ಬೋಗಿ ಕಟ್ಟತೊಡಗಿದ್ದರು. ಮರದ ಬೋಗಿಗಳಲ್ಲೇ ಓಡಾಡಿದ್ದ ಮೂರನೆಯ ದರ್ಜೆಯ ಪ್ರಯಾಣಿಕರಿಗೆ ಉಕ್ಕಿನ ಬೋಗಿಗಳು ಬಂದವು. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಹುಟ್ಟಿದಾಗ ಆ ಬೋಗಿ ವಿಭಾಗ ಅದಕ್ಕೆ ಸೇರಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ನಮ್ಮ ಮೆಟ್ರೊ ಹೊರಟಾಗ ಅದರ ಬೋಗಿಗಳನ್ನು ಕಟ್ಟಿಕೊಟ್ಟ ಕೂಟದಲ್ಲಿ ಇದೇ ಬಿಇಎಂಎಲ್ ಇತ್ತು. ಕಡೂರು, ಬೀರೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ಮೆಟ್ರೊ ಹಿಡಿದು ಕೆಲಸಕ್ಕೆ ಹೋಗುವ ಹುಡುಗರು ಕೂರುವುದು ಆ ಕಾರ್ಖಾನೆಯ ಮೊಮ್ಮಕ್ಕಳು ಕಟ್ಟಿದ ಬೋಗಿಯಲ್ಲಿ.